ಏಳು ಕಲ್ಲಿನ ಲೆಕ್ಕ

ವಿಜಯಪುರದ ಅಥಣಿ ರಸ್ತೆ ಕಡೆ ಹೊಸ ಲೇಔಟಿನ್ಯಾಗ ಎರಡು ಖೋಲಿ ಬಾಡಗಿ ಮನಿ ಹಿಡದು ಅವ್ವನ ಜೋಡಿ ಇರೋ ರೇಣುಕಾಗ ಕಾಲೇಜಿನ ಹುಡುಗರು ‘ಪಾಯ್ಸನ್ ಮೇಡಂ’ ಅಂತ ಹೆಸರಿಟ್ಟಾರ. ಅಕಿ ಅಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ, ವಯಸ್ಸು ಇಪ್ಪತ್ತೇಳು. ಬಾಕಿ ಪಾಠ ಎಲ್ಲಾ ಗಡಿಯಾರ ನೋಡ್ಕೋತ ಮುಗಸ್ತಾಳ. ಪಾಯ್ಸನ್ ಹಂಚಿಕೆ ಅನ್ನೋ ಪಾಠ ಒಂದು ಬಂತಂದ್ರ ಮಾತ್ರ ವಾರಗಟ್ಲೆ ಬಿಡಂಗಿಲ್ಲ. ಯಾರದೋ ಜೋಡಿ ಜಗಳಕ್ಕ ನಿಂತಂಗ ನಿಂತು ಹೇಳ್ತಾಳ. ಹುಡುಗರಿಗೆ ಏನು ಗೊತ್ತು? ಅದು ಖರೇನ ಜಗಳ, ಬಸಗೊಂಡಪ್ಪ ಅನ್ನೋ ಒಬ್ಬ ಮನಷ್ಯಾನ ಜೋಡಿ.

ಪಾಠ ಹಿಂಗ ಸುರು ಆಗತೈತಿ. “ಹೊನವಾಡದ ಬಸ್ಸು ತಿಂಗಳಿಗೆ ಸರಾಸರಿ ಎರಡು ಸಲ ಪಂಕ್ಚರ್ ಆಗತೈತಿ ಅಂತ ಹಿಡೀರಿ. ಹಂಗಂದ್ರ ಪ್ರತಿ ತಿಂಗಳೂ ಎರಡ ಆಗತಾವೇನು? ಇಲ್ಲ. ಒಂದು ತಿಂಗಳ ಒಂದೂ ಆಗಂಗಿಲ್ಲ, ಒಂದು ತಿಂಗಳ ಐದು ಆಗತಾವ. ಐದು ಆದ ತಿಂಗಳ ಮಂದಿ ಏನಂತಾರ? ಯಾರೋ ಮೊಳಿ ಚೆಲ್ಯಾರ ಅಂತಾರ, ದೃಷ್ಟಿ ತಾಗೈತಿ ಅಂತಾರ. ಯಾರೂ ಚೆಲ್ಲಿಲ್ಲ, ಯಾರ ದೃಷ್ಟೀನೂ ತಾಗಿಲ್ಲ. ಅಪರೂಪದ್ದು ಬರೂದ ಹಂಗ.” ಆಮ್ಯಾಲ ಬೋರ್ಡ್ ಮ್ಯಾಲ ಸೂತ್ರ ಬರದು, ಅದರ ಕೆಳಗ ಎರಡು ಗೀಟು ಎಳದು ಹೇಳ್ತಾಳ: “ಒಂದ ಷರತ್ತು. ಒಂದು ಪಂಕ್ಚರ್ ಇನ್ನೊಂದನ್ನ ಕೈ ಹಿಡದು ಕರ್ಕೊಂಡು ಬಂದಿರಬಾರದು. ಬಂದಿತ್ತಂದ್ರ ಈ ಸೂತ್ರ ಹಚ್ಚಬ್ಯಾಡ್ರಿ, ತಪ್ಪು ಉತ್ತರ ಬರತೈತಿ.”

ಈ ಷರತ್ತು ನೆನಪಿಟ್ಕೋರಿ. ಅಕಿ ಎಷ್ಟೋ ಹುಡುಗರಿಗೆ ಇದನ್ನ ಬಾಯಿಪಾಠ ಮಾಡಿಸ್ಯಾಳ.

ಈಗ ಹನ್ನೊಂದು ವರ್ಷ ಹಿಂದಕ್ಕ ಹೋಗಬೇಕು. ತಿಕೋಟಾದಿಂದ ಹೊನವಾಡಕ್ಕ ಹೋಗೋ ಹಾದ್ಯಾಗ ಬಸಗೊಂಡಪ್ಪಂದು ಒಣದ್ರಾಕ್ಷಿ ಶೆಡ್ ಇತ್ತು, ಈಗೂ ಐತಿ. ನೆರಳಿನ್ಯಾಗ ಜಾಳಗಿ ಮ್ಯಾಲ ಒಣಗಿದ ದ್ರಾಕ್ಷಿ ಉದುರಿಸಿ ತಂದು ಹೆಣ್ಣಮಕ್ಕಳ ಮುಂದ ಸುರುವೋರು. ನಾಲ್ವತ್ತು ಮಂದಿ ಸಾಲಾಗಿ ಕುಂತು ತೊಟ್ಟು, ಕಡ್ಡಿ, ಕಲ್ಲು ಆರಿಸಿ, ಹದಿನೈದು ಕಿಲೋದ ಬಾಕ್ಸ್ ತುಂಬೋರು. ವಾರಕ್ಕ ಒಬ್ಬಾಕಿಗೆ ಹತ್ತು ಬಾಕ್ಸ್. ರೇಣುಕಾನ ಅವ್ವ ಹುಚ್ಚವ್ವ ಅವರಾಗ ಒಬ್ಬಾಕಿ. ಗಂಡ ಬೀರಣ್ಣ ಕುರಿ ಹೊಡ್ಕೊಂಡು ಊರೂರು ತಿರಗವ, ಆರು ತಿಂಗಳಿಗೊಮ್ಮೆ ಮನಿ ಮುಖ ನೋಡವ. ಮನಿ ನಡದದ್ದು ಹುಚ್ಚವ್ವನ ಕೈಬೆರಳಿನ ಮ್ಯಾಲ.

ಬಸಗೊಂಡಪ್ಪಂದು ಒಂದು ಪದ್ಧತಿ ಇತ್ತು. ಶೆಡ್ಡಿನ ಗ್ವಾಡಿಗೆ ನಾಲ್ವತ್ತು ಮೊಳಿ, ಒಂದೊಂದು ಮೊಳಿಗೆ ಒಂದೊಂದು ತೆಂಗಿನ ಚಿಪ್ಪು, ಚಿಪ್ಪಿನ ಮ್ಯಾಲ ಸುಣ್ಣದಾಗ ಹೆಸರು. ಯಾರ ಬಾಕ್ಸಿನ್ಯಾಗ ಕಲ್ಲು ಸಿಗತೈತೋ ಆ ಕಲ್ಲು ಅವರ ಚಿಪ್ಪಿಗೆ. ವಾರದ ಕಡೀಕೆ ಎಣಿಸಿ ವಹಿದಾಗ ಬರಿಯೋದು. ಶನಿವಾರ ಮಧ್ಯಾಹ್ನ ಅಂವ ಸಾಲಿನ ಮುಂದ ಬಂದು ಒಬ್ಬೊಬ್ಬರ ಒಂದು ಬಾಕ್ಸ್ ತಗಿಸಿ, ಒಂದು ಮುಟಗಿ ದ್ರಾಕ್ಷಿ ನೋಡಲಾರದ ಬಾಯಿಗೆ ಒಗಕೋತಿದ್ದ. “ನನ್ನ ಬಾಯಿನ ನನ್ನ ಮಷೀನು” ಅನ್ನೂದು ಅವನ ಮಾತು. ಸೊಕ್ಕು ಬಂದ ಮನಷ್ಯಾ ತನ್ನ ಹಲ್ಲಿನ ಮ್ಯಾಲೂ ಸೊಕ್ಕು ಮಾಡ್ತಾನ ನೋಡ್ರಿ.

ಅಂಥಾ ಒಂದು ಶನಿವಾರ ಹುಚ್ಚವ್ವನ ಬಾಕ್ಸಿಗೆ ಕೈ ಹಾಕಿ ಬಾಯಿಗೆ ಒಗಕೊಂಡ. ಕಟಕ್ ಅಂತು. ಟಾವೆಲ್ ಬಾಯಿಗೆ ಒತ್ತಿ ಹಿಡದ, ಟಾವೆಲ್ ಕೆಂಪಾತು. ಎಷ್ಟು ಹಲ್ಲು ಹೋದ್ವು ಅನ್ನೂದು ಯಾರಿಗೂ ಕಾಣಲಿಲ್ಲ. ಬಾಕ್ಸ್ ತಾಡಪಾಲಿನ ಮ್ಯಾಲ ಸುರುವಿಸಿ ಆರಿಸಿದ್ರ ಬಾಯಾಗಿಂದೂ ಸೇರಿ ಏಳು ಕಲ್ಲು. “ಒಬ್ಬಾಕಿಗೆ ವಾರಕ್ಕ ಎರಡು ಬರೂ ಕಡೆ ಏಳು ಬಂದಾವಂದ್ರ ಇದು ಬೇಕಂತ ಹಾಕಿದ್ದು” ಅಂತ ಟಾವೆಲಿನ ಒಳಗಿಂದನ ಒದರಿದ. ಏಳೂ ಕಲ್ಲು ಚಿಪ್ಪಿಗೆ ಹಾಕಿ, ಆ ಚಿಪ್ಪು ಹುಚ್ಚವ್ವನ ಉಡಿಯಾಗ ಇಟ್ಟು, ಸಂಜಿತನಾ ಹೊಸ್ತಿಲ ಮ್ಯಾಲ ಕುಂದ್ರಿಸಿದ. ಹೋಗೋರು ಬರೋರು ಅಕಿನ್ನ ದಾಟಿ ಹೋಗಬೇಕು. ಸಾಲಿ ಬಿಟ್ಟು ಬಂದ ಹತ್ತನೇತ್ತಾ ಓದೋ ರೇಣುಕಾ ಅವ್ವನ್ನ ಕರ್ಕೊಂಡು ಹೋಗಾಕ ಬಂದ್ರ ಅಲ್ಲಿ ಕಂಡದ್ದು ಇದು. ಅವ್ವ ಸುಮ್ಮ ಕುಂತಿದ್ಲು. ಕಣ್ಣಾಗ ಒಂದು ಹನಿ ನೀರಿಲ್ಲ.

ಮರುದಿನದಿಂದ ಹುಚ್ಚವ್ವಗ ಊರು ‘ಕಲ್ಲವ್ವ’ ಅಂತು. ಆ ಭಾಗದ ಒಂದು ಶೆಡ್ಡಿನವರೂ ಒಳಗ ಬಿಡಲಿಲ್ಲ. ತಾಯಿ ಮಗಳು ಗಂಟು ಮೂಟಿ ಕಟ್ಕೊಂಡು ಬಬಲೇಶ್ವರಕ್ಕ, ಹುಚ್ಚವ್ವನ ತವರಿಗೆ ಹೋದ್ರು. ಅಲ್ಲಿ ಸಂತ್ಯಾಗ ಉಳ್ಳಾಗಡ್ಡಿ ಮಾರಿ ಅಕಿ ಮಗಳನ್ನ ಓದಿಸಿದ್ಲು. ರೇಣುಕಾ ಒಂದ ಒಂದು ಸಲ ಕೇಳಿದ್ಲು, “ಯವ್ವಾ, ಆ ಕಲ್ಲು ಹೆಂಗ ಬಂದ್ವು?” ಅಂತ. “ನಿನ್ನ ಕಡೆ ಪುಸ್ತಕ ಐತಿಲ್ಲ, ಓದು” ಅಂದ್ಲು ಹುಚ್ಚವ್ವ. ಅಷ್ಟ.

ಡಿಗ್ರಿ ಎರಡನೇ ವರ್ಷದಾಗ ಪಾಯ್ಸನ್ ಪಾಠ ಬಂತು. ಮಾಸ್ತರು ಟೆಲಿಫೋನ್ ಕರೆಗಳ ಉದಾಹರಣೆ ಹೇಳಾಕತ್ತಿದ್ರು, ರೇಣುಕಾ ವಹಿ ಹಿಂದಿನ ಹಾಳ್ಯಾಗ ಕಲ್ಲಿನ ಲೆಕ್ಕ ಹಚ್ಚಿದ್ಲು. ಒಬ್ಬಾಕಿಗೆ ವಾರಕ್ಕ ಸರಾಸರಿ ಎರಡು ಕಲ್ಲು ಬರೋ ಕಡೆ ಏಳು ಅಥವಾ ಹೆಚ್ಚು ಬರೋ ಸಂಭವ ಸಾವಿರಕ್ಕ ನಾಕೂವರಿ. ಭಾಳ ಕಡಿಮಿ, ಹೌದು. ಆದ್ರ ನಾಲ್ವತ್ತು ಹೆಣ್ಣಮಕ್ಕಳು ಇಪ್ಪತ್ತೈದು ವಾರ ಕುಂತ್ರ ಸಾವಿರ ಸಲ ಎಣಿಸಿದಂಗ. ಅಂದ್ರ ಒಂದು ಹಂಗಾಮಿನ್ಯಾಗ ಯಾರ ತಪ್ಪೂ ಇರಲಾರದ ನಾಕೈದು ಚಿಪ್ಪಿನ್ಯಾಗ ಏಳು ಕಲ್ಲು ಬೀಳಬೇಕು. ಬೀಳಲಿಲ್ಲಂದ್ರ ಆಶ್ಚರ್ಯ. ತನ್ನ ಅವ್ವನ ಮ್ಯಾಲ ಬಿದ್ದದ್ದು ಬರೇ ಪಾಳಿ. ಅಕಿಗೆ ಕಣ್ಣಾಗ ನೀರು ಬಂದ್ವು. ಹಿಂದನ ಸಿಟ್ಟೂ ಬಂತು. ಆ ಮಾತು ಬಸಗೊಂಡಪ್ಪನ ಬಾಯಿಂದನ ಅನಿಸ್ತೀನಿ, ಅದ ಶೆಡ್ಡಿನ್ಯಾಗ, ಅದ ಹೊಸ್ತಿಲ ಮ್ಯಾಲ ಅಂತ ಅವತ್ತ ಹಲ್ಲು ಕಡದು ಆಣಿ ಇಟ್ಕೊಂಡ್ಲು. ಆಮ್ಯಾಲ ಓದಿದ್ದೆಲ್ಲಾ ಆ ಆಣಿ ಸಲುವಾಗಿ.

ಊರಿಗೆ ಬಂದಾಕಿ ನೀರಿಗೆ ಬರಲಾರದ ಇರತಾಳೇನು? ಬಸಗೊಂಡಪ್ಪ ಈ ವರ್ಷ ತಾನ ಕಾಲೇಜಿಗೆ ಬಂದ. ಲೆಕ್ಕದ ವಿಷಯ ಅಂತ ಪ್ರಾಚಾರ್ಯರು ಅವನ್ನ ರೇಣುಕಾನ ಮೇಜಿಗೆ ಕಳಿಸಿದ್ರು. ಕೂದಲ ಬೆಳ್ಳಗಾಗಿತ್ತು. ಮುಂದಿನ ಎರಡು ಹಲ್ಲು ಬಂಗಾರದ್ದು. ಆ ಹಲ್ಲು ನೋಡೇ ಅಕಿ ಗುರ್ತು ಹಿಡದ್ಲು. ಅವಗ ಗುರ್ತು ಸಿಗಲಿಲ್ಲ, ಕುಬಸಾ ಲಂಗದ ಹುಡುಗಿನ್ನ ಯಾರ ನೆನಪಿಟ್ಕೋತಾರ?

“ನಮಸ್ಕಾರ್ರಿ ಮೇಡಂ” ಅಂತ ಕುಂತ. “ಹೊರಗಿನ ವ್ಯಾಪಾರಿಗೆ ನಾನೂರು ಬಾಕ್ಸ್ ಮಾಲು ಕಳಿಸಿದ್ನಿ. ಒಂದ ಬಾಕ್ಸಿನ್ಯಾಗ ಮೂರು ಕಲ್ಲು ಸಿಕ್ಕಾವಂತ. ಬೇಕಂತ ಕಲ್ಲು ಕಲಿಸೀರಿ, ಇನ್ನ ನಿಮ್ಮ ಮಾಲು ಮುಟ್ಟಂಗಿಲ್ಲ ಅನ್ನಾಕತ್ತಾನ. ನನ್ನ ಹೆಸರು ಹಾಳಾಗಿ ಹೋಗತೈತ್ರಿ. ಶೆಡ್ಡಂದ್ರ ಕಲ್ಲು ಬರತಾವ, ಐದು ಬಾಕ್ಸಿಗೆ ಒಂದರಂಗ ಬರತಾವ. ಅವು ಒಂದ ಕಡೆ ಕೂಡಿ ಬಿದ್ರ ನಾ ಏನ ಮಾಡ್ಲಿ? ಬೇಕಂತ ಯಾರರ ಹಾಕ್ತಾರೇನ್ರಿ? ಓದಿದವರು ಲೆಕ್ಕ ಮಾಡಿ ಕಾಗದ ಕೊಟ್ರ ಕೇಳ್ತೀನಿ ಅಂದಾನ.”

ಹನ್ನೊಂದು ವರ್ಷ ರೇಣುಕಾ ತಯಾರು ಮಾಡ್ಕೊಂಡಿದ್ದ ಮಾತು ಅಂವ ತನ್ನ ಬಾಯಿಲೆ ಆಡಾಕತ್ತಿದ್ದ, ತನ್ನ ಸಲುವಾಗಿ.

ಮೊದಲು ಬಂದ ವಿಚಾರ ಕೆಟ್ಟದು. ‘ಇದು ತಾನ ಆಗಿದ್ದಲ್ಲ, ಬೇಕಂತ ಹಾಕಿದ್ದು’ ಅಂತ ಒಂದು ಸಾಲು ಬರದ್ರ ಮುಗೀತು, ಇಂವನೂ ಕಲ್ಲಪ್ಪ ಆಗತಾನ. ಪೆನ್ನು ತಗೊಂಡ್ಲು. ಬರಿಯಾಕ ಕೈ ಬರಲಿಲ್ಲ. ಮೂರು ಕಲ್ಲು ಬೇಕಂತ ಹಾಕಿದ್ದು ಅಂತ ಬರದ ಕೈ ಏಳು ಕಲ್ಲು ತಾವ ಬಂದಿದ್ವು ಅಂತ ಹೆಂಗ ಬರೀಬೇಕು? ಅವನ್ನ ಮುಳುಗಿಸಿದ್ರ ಅವ್ವನೂ ಮುಳುಗ್ತಾಳ. ಕಡೀಕೆ ನ್ಯಾಯವಾಗೇ ಲೆಕ್ಕ ಹಚ್ಚಿದ್ಲು. ಬಾಕ್ಸಿಗೆ ಸರಾಸರಿ ಸೊನ್ನೆ ಬಿಂದು ಎರಡು ಕಲ್ಲು. ಮೂರು ಅಥವಾ ಹೆಚ್ಚು ಬರೋ ಸಂಭವ ಸಾವಿರಕ್ಕ ಒಂದರ ಮ್ಯಾಲ ಸ್ವಲ್ಪ. ಒಂದು ಲಾರಿಗೆ ನಾನೂರು ಬಾಕ್ಸ್ ಹಿಡದ್ರ, ಹತ್ತು ಲಾರಿ ಮಾಲಿನ್ಯಾಗ ಮೂರು ನಾಕು ಲಾರ್ಯಾಗ ಇಂಥಾ ಒಂದು ಬಾಕ್ಸ್ ಇದ್ದ ಇರತೈತಿ. ಇಂವ ತಪ್ಪಿತಸ್ಥ ಅಲ್ಲ.

“ಕಾಗದ ಕೊಡ್ತೀನಿ. ಅದಕ್ಕೂ ಮೊದಲು ಹನ್ನೊಂದು ವರ್ಷದ ಹಿಂದಿನ ನಿಮ್ಮ ಕಲ್ಲಿನ ವಹಿ ತರ್ರಿ” ಅಂದ್ಲು.

“ಅದ ಯಾಕ್ರಿ?”

“ಲೆಕ್ಕಕ್ಕ ಬೇಕು.”

ಎರಡು ದಿನದಾಗ ತಂದ, ಒಂದು ಹಾಳಿನೂ ಹರದಿರಲಿಲ್ಲ. ರೇಣುಕಾ ಒಂದು ಇಡೀ ರವಿವಾರ ಕುಂತು ಎಣಿಸಿದ್ಲು. ಒಂದೂ ಕಲ್ಲು ಇರಲಾರದ ಚಿಪ್ಪು ನೂರಾ ಮೂವತ್ತೈದು ಇರಬೇಕು ಅಂತಿತ್ತು ಸೂತ್ರ, ವಹಿದಾಗ ನೂರಾ ಮೂವತ್ತೊಂದು ಇದ್ವು. ಏಳು ಇಲ್ಲಾ ಹೆಚ್ಚು ಕಲ್ಲಿನ ಚಿಪ್ಪು ಐದು. ಐದರಾಗ ಒಂದು ಎಂಟು ಕಲ್ಲಿಂದು, ಬಸಗೊಂಡಪ್ಪನ ದೂರದ ಸಂಬಂಧಿ ಸೌಭಾಗ್ಯ ಅನ್ನಾಕಿದು. ಅಕಿನ್ನ ಯಾರೂ ಹೊಸ್ತಿಲ ಮ್ಯಾಲ ಕುಂದ್ರಿಸಿರಲಿಲ್ಲ. ಅವ್ವನ ಹೆಸರಿನ ಮುಂದ ಕೆಂಪು ಶಾಯಿಲೆ ಬರದಿದ್ರು: ‘ಏಳು. ಎಲ್ಲಾ ಒಂದ ಬಾಕ್ಸಿನ್ಯಾಗ.’ ರೇಣುಕಾ ಅದನ್ನ ಓದಿದ್ಲು. ಓದಿ ಹಾಳಿ ತಿರುವಿದ್ಲು. ಸೌಭಾಗ್ಯಳ ಎಂಟು ಕಲ್ಲು ಸಿಕ್ಕ ಖುಷಿಯಾಗ ಅಕಿಗೆ ಬ್ಯಾರೆ ಏನೂ ಕಾಣಲಿಲ್ಲ.

ಬಸಗೊಂಡಪ್ಪ ಕಾಗದ ಒಯ್ಯಾಕ ಬಂದಾಗ ಅಕಿ ಕಾಗದದ ಮ್ಯಾಲ ಅಂಗೈ ಇಟ್ಟು ಕುಂತಿದ್ಲು.

“ಸಹಿ ಇನ್ನ ಮಾಡಿಲ್ರಿ. ನಾ ಹುಚ್ಚವ್ವನ ಮಗಳು. ನಿಮ್ಮೂರಾಗ ಕಲ್ಲವ್ವ ಅಂತಾರಲ್ಲ, ಅಕಿ ಮಗಳು.”

ಅವನ ಕೈ ತಾನ ಹೋಗಿ ಬಾಯಿ ಮುಟ್ಟಿ ನೋಡ್ಕೊಂಡ್ತು. “ಅದು ಹಳೀ ಮಾತು ಬಿಡ್ರಿ ಮೇಡಂ” ಅಂದ ಮೆತ್ತಗ.

“ನಿಮಗ ಹಳೀದು. ನಿಮ್ಮ ಮೂರು ಕಲ್ಲು ತಾವ ಬಂದಿದ್ವು ಅನ್ನೋ ಲೆಕ್ಕಾನ ನಮ್ಮ ಅವ್ವನ ಏಳು ಕಲ್ಲೂ ತಾವ ಬಂದಿದ್ವು ಅಂತೈತಿ. ಒಂದನ್ನ ಒಪ್ಕೊಂಡು ಒಂದನ್ನ ಬಿಡಾಕ ಬರಂಗಿಲ್ಲ. ನೀವು ಶನಿವಾರ ಶೆಡ್ಡಿನ ಹೊಸ್ತಿಲ ಮ್ಯಾಲ ಕುಂದ್ರಬೇಕು. ಉಡಿಯಾಗ ಏಳು ಕಲ್ಲಿನ ಚಿಪ್ಪು ಇಟ್ಕೊಂಡು ಕುಂದ್ರಬೇಕು. ಎಲ್ಲಾರ ಮುಂದ ಹುಚ್ಚವ್ವಂದು ತಪ್ಪಿಲ್ಲ ಅನ್ನಬೇಕು. ಅಂದ್ರ ಸಹಿ.”

“ವಯಸ್ಸಾದವ ಅದೀನಿ, ಮಂದ್ಯಾಗ ಮಾನ ಕಳೀಬ್ಯಾಡ್ರಿ.”

“ಅವತ್ತ ನಮ್ಮ ಅವ್ವಗೂ ಮಾನ ಇತ್ತು” ಅಂದ್ಲು ರೇಣುಕಾ. ಅಂವ ತಲಿ ತಗ್ಗಿಸಿ ಹೂಂ ಅಂದು ಎದ್ದು ಹೋದ.

ಶನಿವಾರ ಅವ್ವನ್ನೂ ಕರ್ಕೊಂಡು ಹೋಗಬೇಕಂತ ಭಾಳ ಬಡಕೊಂಡ್ಲು. “ನಂಗೇನು ಕೆಲಸ ಅಲ್ಲಿ?” ಅಂತ ಹುಚ್ಚವ್ವ ಮೆಣಸಿನಕಾಯಿ ತೊಟ್ಟು ಮುರ್ಕೋತ ಕುಂತ್ಲು. ರೇಣುಕಾ ಒಬ್ಬಾಕಿನ ತಿಕೋಟಾ ಬಸ್ ಹತ್ತಿದ್ಲು.

ಶೆಡ್ ಹಂಗ ಇತ್ತು. ದ್ರಾಕ್ಷಿಗೆ ಹಾಕೋ ಗಂಧಕದ ಅದ ವಾಸನಿ, ಅದ ಗ್ವಾಡಿ. ಎಣಿಸೂದು ಅಕಿಗೆ ಚಟ, ಮೊಳಿ ಎಣಿಸಿದ್ಲು. ನಾಲ್ವತ್ತೊಂದು. ಕಡೀ ಮೊಳಿಗೆ ಚಿಪ್ಪು ಇರಲಿಲ್ಲ, ತುಕ್ಕು ಹಿಡದಿತ್ತು. ಅಕಿ ಮನಸಿಗೆ ತಗೊಳ್ಳಲಿಲ್ಲ. ಅಕಿಗೆ ಬೇಕಾದದ್ದು ಹೊಸ್ತಿಲ ಮ್ಯಾಲಿತ್ತು. ಬಸಗೊಂಡಪ್ಪ ಧೋತರದ ಚುಂಗು ಉಡಿ ಮಾಡಿ, ಅದರಾಗ ಚಿಪ್ಪು ಇಟ್ಕೊಂಡು ಕುಂತಿದ್ದ. ರೇಣುಕಾ ಮೊಬೈಲ್ ತಗದು ವಿಡಿಯೋ ಹಚ್ಚಿದ್ಲು. ಅಂವ ಕೆಮ್ಮಿದ, ನೆಲಾ ನೋಡಿದ, ಆಮ್ಯಾಲ ಅಂದ: “ಹುಚ್ಚವ್ವಂದು ತಪ್ಪಿರಲಿಲ್ಲ. ಆ ಏಳು ಕಲ್ಲು ತಾವ ಬಂದಿದ್ವು. ನಂದ ತಪ್ಪು.”

ಹೆಣ್ಣಮಕ್ಕಳು ಆರಿಸೋ ಕೈ ತಡದು ನೋಡಿದ್ರು. ಅವ್ವನ ಬಾಜೂಕ ಕುಂದ್ರತಿದ್ದ ಹಳೀ ಗೆಳತಿ ರಹಿಮಾಬಿ ಮಾತ್ರ ಸೆರಗು ಬಾಯಾಗ ತುರ್ಕೊಂಡು ಕುಲುಕುಲು ನಕ್ಕಳು, ಕಣ್ಣಾಗ ನೀರು ಬರೋಮಟ ನಕ್ಕಳು. ಗೆಳತಿಗೆ ನ್ಯಾಯ ಸಿಕ್ಕ ಸಂತೋಷಕ್ಕ ನಗ್ತಾಳ ಅಂತ ತಿಳ್ಕೊಂಡ್ಲು ರೇಣುಕಾ. ಒಂದು ತಾಸು ಅವನ್ನ ಹಂಗ ಕುಂದ್ರಿಸಿದ್ಲು. ಹೆಣ್ಣಮಕ್ಕಳು ಒಬ್ಬೊಬ್ಬರ ದಾಟಿ ಹೋದ್ರು. ಅಕಿಗೆ ಹೊಟ್ಟಿ ತಣ್ಣಗಾತು. ಸುಳ್ಳು ಯಾಕ ಹೇಳಬೇಕು, ಇನ್ನೊಂದು ತಾಸು ಕುಂದ್ರಿಸಬೇಕಿತ್ತು ಅಂತ ಅನಿಸಿತು. ಆಮ್ಯಾಲ ಕಾಗದಕ್ಕ ಸಹಿ ಮಾಡಿ ಕೊಟ್ಟು ಬಂದ್ಲು.

ಸಂಜಿಗೆ ಮನಿಗೆ ಬಂದಾಗ ಹುಚ್ಚವ್ವ ರೊಟ್ಟಿ ಬಡ್ಯಾಕತ್ತಿದ್ಲು. ರೇಣುಕಾ ಚಪ್ಪಲಿ ಸುದ್ದಾ ಬಿಡಲಾರದ ಮೊಬೈಲ್ ಮುಂದ ಹಿಡದ್ಲು. “ನೋಡಬೇ ಯವ್ವಾ.”

ಹುಚ್ಚವ್ವ ಹಿಟ್ಟಿನ ಕೈ ಮ್ಯಾಲ ಎತ್ತಿ ಹಿಡದು ಪೂರಾ ನೋಡಿದ್ಲು. ಕಣ್ಣು ಒರಿಸ್ಕೊಳ್ಳಲಿಲ್ಲ. ಮಗಳ ಮಾರಿನೂ ನೋಡಲಿಲ್ಲ. “ಅಲ್ಲೇ ನಿಲ್ಲಸು. ಅವನ ಬಾಯಿ ದೊಡ್ಡದು ಮಾಡಿ ತೋರಸು” ಅಂದ್ಲು.

ರೇಣುಕಾ ಎರಡು ಬೆರಳಿಲೆ ಚಿತ್ರ ಹಿಗ್ಗಿಸಿದ್ಲು.

“ಬಂಗಾರದ್ದು ಹಾಕಿಸ್ಯಾನಲ್ಲ. ಎರಡು?” ಹುಚ್ಚವ್ವ ಇನ್ನಷ್ಟು ಬಗ್ಗಿದ್ಲು. “ಎರಡು ಮುರದಾವ? ನಾ ಒಂದ ಅಂತ ತಿಳ್ಕೊಂಡಿದ್ನಿ.”

ರೇಣುಕಾಗ ಮಾತು ತಿಳಿಯಾಕ ಒಂದು ಗಳಿಗಿ ಬೇಕಾತು. ತಿಳಿದ ಮ್ಯಾಲ ಅಡಗಿಮನಿ ನೆಲಕ್ಕ ಕುಂತಬಿಟ್ಲು. ಕೆಂಪು ಶಾಯಿ ನೆನಪಾತು. ಎಲ್ಲಾ ಒಂದ ಬಾಕ್ಸಿನ್ಯಾಗ. ತಾವ ಬರೋ ಕಲ್ಲು ಹತ್ತು ಬಾಕ್ಸಿಗೆ ಹಂಚಿ ಬರತಾವ. ಬಾಕ್ಸಿಗೆ ಸೊನ್ನೆ ಬಿಂದು ಎರಡು ಬರೋ ಕಡೆ ಒಂದ ಬಾಕ್ಸಿನ್ಯಾಗ ಏಳು! ಬೋರ್ಡ್ ಇರಲಿಲ್ಲ, ಪೆನ್ನು ಇರಲಿಲ್ಲ, ತಲಿಯಾಗ ಲೆಕ್ಕ ತಾನ ನಡೀತು. ನೂರು ಕೋಟಿ ಬಾಕ್ಸ್ ತುಂಬಿದ್ರ ಎರಡು. ವರ್ಷಕ್ಕ ಹತ್ತು ಸಾವಿರ ಬಾಕ್ಸ್ ತುಂಬೋ ಶೆಡ್ ಅದು. ಒಂದು ಕಲ್ಲು ಇನ್ನೊಂದನ್ನ ಕೈ ಹಿಡದು ಕರ್ಕೊಂಡು ಬಂದಿರಬಾರದು ಅಂತ ಮಂದಿ ಮಕ್ಕಳಿಗೆ ಹೇಳೋ ಬಾಯಿ, ತನ್ನ ಕಣ್ಣಿಗೆ ಹೇಳಲಿಲ್ಲ.

“ನೀನ ಹಾಕಿದ್ಯಾ?”

“ಮತ್ತ ಕಲ್ಲಿಗೆ ಕಾಲು ಅದಾವೇನು?” ಹುಚ್ಚವ್ವ ರೊಟ್ಟಿ ತಿರುವಿದ್ಲು. “ಅಂವ ಯಾವತ್ತಿದ್ರೂ ಮ್ಯಾಲಿನ ಬಾಕ್ಸ್ ತಗೀತಾನ, ಬಲಗಡೆ ಮೂಲಿಗೆ ಕೈ ಹಾಕ್ತಾನ. ಅಲ್ಲೇ ಇಟ್ಟಿದ್ನಿ, ಒಳ್ಳೆ ಗಟ್ಟೀವು ನೋಡಿ. ರಹಿಮಾಬಿಗೆ ಗೊತ್ತೈತಿ.”

“ಹನ್ನೊಂದು ವರ್ಷ ನಂಗ ಯಾಕ ಹೇಳಲಿಲ್ಲ? ನಾ ಇದ ಸಿಟ್ಟಿನ್ಯಾಗ ಬೆಳದೀನಿ. ಇದ ಸಿಟ್ಟಿನ್ಯಾಗ ಓದೀನಿ.” ಅವ್ವನ ಮ್ಯಾಲ ಇಷ್ಟು ಸಿಟ್ಟು ಅಕಿಗೆ ಯಾವತ್ತೂ ಬಂದಿರಲಿಲ್ಲ.

“ಓದಿದ್ಯಲ್ಲ. ಅದಕ್ಕ ಹೇಳಲಿಲ್ಲ.”

“ಯಾಕ ಹಾಕಿದಿ ಹೇಳು.”

ಹುಚ್ಚವ್ವ ಒಲಿ ಆರಿಸಿ ಗ್ವಾಡಿಗೆ ಒರಗಿ ಕುಂತ್ಲು. “ಅದ ವಾರ ಬುಧವಾರ ನೀ ಶೆಡ್ಡಿಗೆ ಬಂದಿದ್ದಿ, ಗಣಿತದಾಗ ನೂರಕ್ಕ ನೂರು ಅಂತ ಹೇಳಾಕ. ನೀ ಆ ಕಡೆ ಹೋದ ಮ್ಯಾಲ ಅಂವ ಅಂದ, ನಿನ್ನ ಮಗಳ ಬೆರಳು ಸಣ್ಣ ಅದಾವ, ಹತ್ತನೇತ್ತಾ ಮುಗೀತಿದ್ದಂಗ ತಂದು ಕುಂದ್ರಸು, ಓದಿ ಕುರಿ ಎಣಿಸೂದೈತೇನು ಅಂತ. ಬಾಯಿ ಮಾತಿಗೆ ಅಂದಿದ್ರ ಬಿಡ್ತಿದ್ನಿ. ಎಲ್ಲಾರ ಮುಂದ ಒಂದು ಮೊಳಿ ಬಡದ. ಚಿಪ್ಪಿನ ಮ್ಯಾಲ ನಿನ್ನ ಹೆಸರು ಬರಿಸಿ ಅದಕ್ಕ ತೂಗು ಹಾಕಿದ.”

ತುಕ್ಕು ಹಿಡದ ಆ ನಾಲ್ವತ್ತೊಂದನೇ ಮೊಳಿ ರೇಣುಕಾನ ಕಣ್ಣ ಮುಂದ ಬಂತು.

“ಆ ಚಿಪ್ಪು?”

“ಅವತ್ತ ಸಂಜಿಕ ಕಿತ್ತು ಒಲಿಗೆ ಹಾಕಿದ್ನಿ. ಶನಿವಾರ ಅವನ ಹಲ್ಲು ಕಿತ್ನಿ. ಕೆಲಸ ಹೋಗತೈತಿ ಅಂತ ಗೊತ್ತಿತ್ತು, ಹೋಗಲಿ ಅಂತನ ಮಾಡಿದ್ನಿ. ಅಲ್ಲಿ ಇದ್ದಿದ್ರ ಒಂದಿಲ್ಲ ಒಂದು ದಿನ ನಾನ ನಿನ್ನ ತಂದು ಕುಂದ್ರಸ್ತಿದ್ನೋ ಏನೋ. ಹೊಸ್ತಿಲ ಮ್ಯಾಲ ಕುಂತಿದ್ನಲ್ಲ, ಅಂಥಾ ಸುಖ ನಂಗ ಯಾವತ್ತೂ ಸಿಕ್ಕಿಲ್ಲ. ಒಳಗ ಅಂವ ನರಳೂದು ಕೇಳತಿತ್ತು.”

ಮಾಡದ ತಪ್ಪಿಗೆ ಅವ್ವ ಅನುಭವಿಸ್ಯಾಳ ಅಂತ ಹನ್ನೊಂದು ವರ್ಷ ರೇಣುಕಾ ಉರದಿದ್ಲು. ಅವ್ವ ಮಾಡ್ಯಾಳ, ತನ್ನ ಸಲುವಾಗಿ ಮಾಡ್ಯಾಳ, ಮಾಡಿ ಹಾಯಾಗಿ ಉಳ್ಳಾಗಡ್ಡಿ ಮಾರ್ಯಾಳ. ನಗು ಬಂತು, ಅಳೂ ಬಂತು, ಎರಡೂ ಕೂಡೇ ಬಂದ್ವು.

“ನಾ ಅವನ ಕಡೆ ಸುಳ್ಳು ಆಡಿಸಿ ಬಂದ್ನಲ್ಲಬೇ” ಅಂದ್ಲು. “ಕಲ್ಲು ತಾವ ಬಂದಿದ್ವು, ಹುಚ್ಚವ್ವಂದು ತಪ್ಪಿಲ್ಲ ಅಂತ ಅನಿಸಿ ಬಂದ್ನಿ. ವ್ಯಾಪಾರಿಗೆ ಕೊಟ್ಟ ಕಾಗದ ಖರೆ. ಇದು ಸುಳ್ಳು.”

ಹುಚ್ಚವ್ವ ಕೈ ತೊಳ್ಕೊಂಡು ಬಂದು ಮಗಳ ಬಾಜೂಕ ಕುಂತ್ಲು. ಸೆರಗಿಲೆ ಮೊಬೈಲಿಗೆ ಹತ್ತಿದ ಹಿಟ್ಟು ಒರಿಸಿದ್ಲು. “ಇನ್ನೊಮ್ಮೆ ಹಚ್ಚು” ಅಂದ್ಲು.

ರೇಣುಕಾ ಹಚ್ಚಿದ್ಲು. ಸಣ್ಣ ಪರದೆ ಮ್ಯಾಲ ಬಸಗೊಂಡಪ್ಪ ಕೆಮ್ಮಿದ, ನೆಲಾ ನೋಡಿದ, ಎರಡು ಬಂಗಾರದ ಹಲ್ಲು ತಗದು “ನಂದ ತಪ್ಪು” ಅಂದ.

“ಹೌದಪಾ, ನಿಂದ” ಅಂದ್ಲು ಹುಚ್ಚವ್ವ.